ಸ್ಪಂಜು ತೊಳೆದ ಭಾನುವಾರ: ಬೆಟ್ಟಾ ತೊಟ್ಟಿಯ ನೀರು ಮತ್ತೆ ಸರಿಯಾದ ದಿನಚರಿ

ನೀಲ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಕಡುನೀಲಿ ಮೈ, ಉದ್ದ ಬಾಲ, ರೆಕ್ಕೆಯ ಅಂಚಿನಲ್ಲಿ ಚೂರು ಕೆಂಪು. ಗಂಡು ಬೆಟ್ಟಾ, ಅಂದರೆ ಎಲ್ಲರೂ ಫೈಟರ್ ಅನ್ನುವ ಮೀನು. ಅಷ್ಟು ದಿನಗಳಲ್ಲಿ ಒಮ್ಮೆಯೂ ಊಟ ಬಿಟ್ಟವನಲ್ಲ. ನಾನು ತೊಟ್ಟಿಯ ಹತ್ತಿರ ಹೋದರೆ ಸಾಕು, ಗಾಜಿಗೆ ಮೂತಿ ತಾಗಿಸಿಕೊಂಡು ಮೈ ಕುಣಿಸುತ್ತಿದ್ದ. ಅಂಥವನು ಒಂದು ವಾರ ಮೂಲೆ ಹಿಡಿದು ನಿಂತ. ಕಾರಣ ನಾನೇ. ಆಮೇಲೆ ಸುಮಾರು ಆರು ವಾರ ದಿನಾ ಅಳೆದು, ಬರೆದಿಟ್ಟು, ನೀರನ್ನು ಮತ್ತೆ ದಾರಿಗೆ ತಂದೆ. ಆ ನೋಟ್‌ಬುಕ್ಕಿನ ಪುಟಗಳನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತೊಟ್ಟಿಯ ಲೆಕ್ಕ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಉದ್ದ 40, ಅಗಲ 25, ಎತ್ತರ 25 ಸೆಂಟಿಮೀಟರ್. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 25 ಲೀಟರ್. ಆದರೆ ನೀರು ತುಂಬಿಸುವುದು 22 ಸೆಂಟಿಮೀಟರ್‌ವರೆಗೆ ಮಾತ್ರ. ತಳದಲ್ಲಿ ಸಣ್ಣ ಜಲ್ಲಿ, ಒಂದು ಮರದ ತುಂಡು. ಇವನ್ನೆಲ್ಲ ಕಳೆದರೆ ನಿಜವಾಗಿ ಇರುವ ನೀರು 20 ಲೀಟರ್. ಔಷಧಿಯಾಗಲಿ ಉಪ್ಪಾಗಲಿ, ಈ 20ರ ಲೆಕ್ಕದಲ್ಲೇ ಹಾಕಬೇಕು. ಒಂದು ಸ್ಪಂಜ್ ಫಿಲ್ಟರ್, ಒಂದು ಏರ್ ಪಂಪ್, 50 ವ್ಯಾಟಿನ ಹೀಟರ್, ಥರ್ಮಾಮೀಟರ್, ಮೇಲೆ ಮುಚ್ಚಳ. ಬೆಟ್ಟಾ ಚೆನ್ನಾಗಿ ಹಾರುತ್ತದೆ, ಹಾಗಾಗಿ ಮುಚ್ಚಳ ಬೇಕೇ ಬೇಕು. ಗಿಡಗಳು ಎರಡೇ: ಅನೂಬಿಯಾಸ್ ಮತ್ತು ಜಾವಾ ಫರ್ನ್. ಎರಡನ್ನೂ ಮರಕ್ಕೆ ದಾರದಿಂದ ಕಟ್ಟಿದ್ದೇನೆ. ಅವುಗಳ ದಪ್ಪ ಕಾಂಡವನ್ನು ಜಲ್ಲಿಯೊಳಗೆ ಹೂತರೆ ಕೊಳೆತುಹೋಗುತ್ತದೆ.

ದಿನ 0, ಭಾನುವಾರ

ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು. ಗುಳ್ಳೆಗಳೂ ನಿಧಾನ ಬರುತ್ತಿದ್ದವು. ಇವತ್ತು ಎಲ್ಲ ಚೊಕ್ಕ ಮಾಡಿಬಿಡೋಣ ಅಂದುಕೊಂಡೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿದ ನೀರು ತಿಳಿಯಾಗುವವರೆಗೂ ತೊಳೆದೆ. ಅರ್ಧ ಜಲ್ಲಿಯನ್ನೂ ಹೊರಗೆ ತೆಗೆದು ಉಜ್ಜಿದೆ. ತೊಟ್ಟಿಯ ಅರ್ಧ ನೀರು ಬದಲಿಸಿದೆ. ಹೊಸ ನೀರನ್ನು ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ತೆರೆದಿಟ್ಟಿದ್ದೆ. ಕ್ಲೋರಿನ್ ಹಾರಿಹೋಗುತ್ತದೆ ಎಂಬ ನಂಬಿಕೆಯಿಂದ ಎಂಟು ತಿಂಗಳೂ ಹಾಗೆಯೇ ಮಾಡಿದ್ದೆ. ಸಂಜೆ ದೀಪ ಹಾಕಿದಾಗ ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ದಿನ 3

ನೀಲ ಬೆಳಗಿನ ಕಾಳು ತಿನ್ನಲಿಲ್ಲ. ನೀರಿನ ಮೇಲ್ಭಾಗದಲ್ಲಿ, ಹೀಟರಿನ ಪಕ್ಕ ಸುಮ್ನೆ ನಿಂತಿದ್ದ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವುದು ಸಹಜ. ಅದರ ತಲೆಯೊಳಗೆ, ಕಿವಿರುಗಳ ಮೇಲುಗಡೆ, ಲ್ಯಾಬಿರಿಂತ್ ಎಂಬ ಅಂಗ ಇದೆ. ಬಾಯಿಂದ ತೆಗೆದುಕೊಂಡ ಗಾಳಿಯಿಂದ ಅದು ನೇರವಾಗಿ ಆಮ್ಲಜನಕ ಹೀರುತ್ತದೆ. ಹಾಗಾಗಿ ಮೊದಲು ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಆದರೆ ಆರೋಗ್ಯವಾಗಿರುವ ಬೆಟ್ಟಾ ಮೇಲೆ ಬರುತ್ತದೆ, ಒಂದು ಗುಟುಕು ಗಾಳಿ ತೆಗೆದುಕೊಳ್ಳುತ್ತದೆ, ಮತ್ತೆ ತನ್ನ ಕೆಲಸಕ್ಕೆ ಹೋಗುತ್ತದೆ. ಇವನು ಅಲ್ಲೇ ನಿಂತಿದ್ದ. ಕಿವಿರು ಬೇಗ ಬೇಗ ಬಡಿಯುತ್ತಿತ್ತು. ಯಾವಾಗಲೂ ಬೀಸಣಿಗೆಯಂತೆ ಬಿಚ್ಚಿರುತ್ತಿದ್ದ ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು.

ದಿನ 4

ಬಾಲದ ತುದಿ ಹರಿದ ಬಟ್ಟೆಯಂತಾಗಿತ್ತು, ಅಂಚು ಕಪ್ಪಾಗಿತ್ತು. ರೆಕ್ಕೆ ಕೊಳೆಯುವ ರೋಗ ಶುರುವಾಗುವುದು ಹೀಗೆಯೇ. ಮೊದಲು ಮನಸ್ಸು ಓಡಿದ್ದು ಔಷಧಿಯ ಕಡೆಗೆ. ಆದರೆ ನೀರು ಪರೀಕ್ಷಿಸದೆ ಔಷಧಿ ಹಾಕಬಾರದು ಎಂದು ಕೈ ಕಟ್ಟಿಕೊಂಡೆ. ಕಪಾಟಿನಲ್ಲಿದ್ದ ಹನಿ ಹಾಕುವ ಟೆಸ್ಟ್ ಕಿಟ್ ತೆಗೆದೆ. ನಾಲ್ಕು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ.

ಅಮೋನಿಯಾ 1 ಪಿಪಿಎಂ (ಅಂದರೆ ಲೀಟರಿಗೆ 1 ಮಿಲಿಗ್ರಾಂ). ನೈಟ್ರೈಟ್ 0. ನೈಟ್ರೇಟ್ 5. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.8.

ಅಮೋನಿಯಾ ಸೊನ್ನೆ ಇರಬೇಕು. ಈ ಕಿಟ್ಟಿನಲ್ಲಿ ಸೊನ್ನೆ ಅಂದರೆ ಹಳದಿ. ನನ್ನ ಕೊಳವೆ ಗಾಢ ಹಸಿರಾಗಿತ್ತು.

ಏನಾಗಿದೆ ಎಂದು ಆಗ ಅರ್ಥವಾಯಿತು. ಮೀನು ಉಸಿರಾಡುವಾಗ ಕಿವಿರಿನ ಮೂಲಕವೇ ಅಮೋನಿಯಾ ಬಿಡುತ್ತದೆ. ಉಳಿದ ಕಾಳು ಮತ್ತು ಹಿಕ್ಕೆ ಕೊಳೆತರೂ ಅದೇ. ಸ್ಪಂಜಿನಲ್ಲಿ ಬೇರೂರಿರುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನಿಂದ ಅಷ್ಟು ತೊಂದರೆ ಇಲ್ಲ. ಸ್ವಲ್ಪವನ್ನು ಗಿಡ ಹೀರುತ್ತದೆ, ಉಳಿದದ್ದು ವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ. ನಾನು ನಲ್ಲಿಯ ಕೆಳಗೆ ತೊಳೆದು ಚರಂಡಿಗೆ ಬಿಟ್ಟದ್ದು ಈ ಎರಡೂ ಗುಂಪುಗಳನ್ನು. ಆ ಕಂದು ಬಣ್ಣದಲ್ಲಿ ಕೊಳೆ ಇತ್ತು, ನಿಜ. ಎಂಟು ತಿಂಗಳು ನೀಲನನ್ನು ಉಳಿಸಿದ ಜೀವಗಳೂ ಅದರಲ್ಲೇ ಇದ್ದವು. ಸಾಲದ್ದಕ್ಕೆ ಅದೇ ದಿನ ಜಲ್ಲಿಯನ್ನೂ ಉಜ್ಜಿದ್ದೆ. ಉಳಿದುಕೊಳ್ಳಲು ಅವಕ್ಕೆ ಇನ್ನೊಂದು ಜಾಗವನ್ನೂ ಬಿಡಲಿಲ್ಲ.

ಪಿಎಚ್ ಎಷ್ಟಿದೆ ಅನ್ನುವುದು ಇಲ್ಲಿ ತುಂಬಾ ಮುಖ್ಯ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಎಂಬ ರೂಪ ಅಷ್ಟು ವಿಷವಲ್ಲ. ಬಿಡಿ ಅಮೋನಿಯಾ ಕಿವಿರನ್ನು ಸುಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ 0.6ರಷ್ಟು ಮಾತ್ರ ಬಿಡಿ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಶೇಕಡಾ 5ಕ್ಕಿಂತ ಜಾಸ್ತಿ. ಅಂದರೆ ಕಿಟ್ಟಿನಲ್ಲಿ ಅದೇ 1 ಪಿಪಿಎಂ ಬಂದರೂ, ವಿಷ ಹತ್ತು ಪಟ್ಟು ಹೆಚ್ಚು ಇರಬಹುದು. ನನ್ನ 7.8 ಆ ಕೆಟ್ಟ ತುದಿಗೆ ಹತ್ತಿರ.

ಹಾಗಂತ ಪಿಎಚ್ ಇಳಿಸುವ ದ್ರಾವಣ ಸುರಿಯಲು ಹೋಗಲಿಲ್ಲ. ಪಿಎಚ್ ಹಠಾತ್ತಾಗಿ ಏರಿಳಿದರೆ ಮೀನಿಗೆ ಇನ್ನೊಂದು ಪೆಟ್ಟು. 7.8ರಲ್ಲಿ ಬೆಟ್ಟಾ ಆರಾಮಾಗಿ ಬದುಕುತ್ತದೆ, ಅಮೋನಿಯಾ ಇರಬಾರದು ಅಷ್ಟೇ.

ಕೈ ತಕ್ಷಣ ಹೋದದ್ದು ಬಕೆಟ್ಟಿಗೆ. ಆದರೆ ಹಾಕುವ ನೀರನ್ನೂ ಒಮ್ಮೆ ಪರೀಕ್ಷಿಸೋಣ ಅನ್ನಿಸಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಪರೀಕ್ಷೆ. ರಾತ್ರಿಯಿಡೀ ತೆರೆದಿಟ್ಟಿದ್ದ ನೀರಿಗೆ ಒಟ್ಟು ಕ್ಲೋರಿನ್ ತೋರಿಸುವ ಪಟ್ಟಿ ಅದ್ದಿದೆ. ಬಣ್ಣ ಬಂತು! ಬರಿಯ ಕ್ಲೋರಿನ್ ಆಗಿದ್ದರೆ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಹೋಗಿರಬೇಕಿತ್ತು. ಇದು ಕ್ಲೋರಮಿನ್. ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ವಸ್ತು. ಕೊಳವೆಯಲ್ಲಿ ದೂರದವರೆಗೆ ಉಳಿಯಲಿ ಎಂದೇ ಇದನ್ನು ಕುಡಿಯುವ ನೀರಿಗೆ ಬಳಸುತ್ತಾರೆ. ಒಂದು ರಾತ್ರಿ ತೆರೆದಿಟ್ಟರೆ ಹೋಗುವುದಿಲ್ಲ.

ಆ ನೀರಿಗೆ ಕಂಡೀಷನರ್, ಅಂದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಅಮೋನಿಯಾ ನೋಡಿದೆ. 0.5 ಪಿಪಿಎಂ. ಕಂಡೀಷನರ್ ಕ್ಲೋರಮಿನ್‌ನ ಕ್ಲೋರಿನ್ ಭಾಗವನ್ನು ಮುರಿದಾಗ ಅಮೋನಿಯಾ ಭಾಗ ನೀರಿನಲ್ಲೇ ಉಳಿದಿತ್ತು.

ಹಾಗಾದರೆ ಎಂಟು ತಿಂಗಳು ಏನೂ ಆಗದೆ ಹೇಗೆ ನಡೆಯಿತು? ಆಗ ನಾನು ವಾರಕ್ಕೆ ಐದರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸುತ್ತಿದ್ದೆ. ಕ್ಲೋರಮಿನ್ ಹಳೆಯ ನೀರಿನಲ್ಲಿ ಬೆರೆತು ತೆಳುವಾಗುತ್ತಿತ್ತು. ಜೊತೆಗೆ ಬಂದ ಅಮೋನಿಯಾವನ್ನು ಬಲವಾಗಿದ್ದ ಸ್ಪಂಜು ತಿಂದುಹಾಕುತ್ತಿತ್ತು. ಆ ಭಾನುವಾರ ಅರ್ಧ ನೀರು ಒಮ್ಮೆಗೇ ಹಾಕಿದೆ, ಅದೂ ತಿನ್ನುವವರನ್ನು ಕಳಿಸಿಬಿಟ್ಟ ಮೇಲೆ.

ಲೆಕ್ಕವನ್ನು ಕಾಗದದ ಮೇಲೆ ಹಾಕಿದೆ. ತೊಟ್ಟಿಯಲ್ಲಿ 1, ಬಕೆಟ್ಟಿನಲ್ಲಿ 0.5. ಅರ್ಧ ಬದಲಿಸಿದರೆ 0.75. ಇನ್ನೊಮ್ಮೆ ಅರ್ಧ ಬದಲಿಸಿದರೆ 0.62. ಎಷ್ಟು ಸಲ ಬದಲಿಸಿದರೂ 0.5ರ ಕೆಳಗೆ ಇಳಿಯುವುದಿಲ್ಲ! ಬರೀ ನೀರು ಬದಲಿಸಿ ಗೆಲ್ಲುವ ಆಟ ಇದಲ್ಲ ಎಂದು ಗೊತ್ತಾಯಿತು.

ಕಂಡೀಷನರ್‌ಗಳಲ್ಲಿ ಎರಡು ಬಗೆ. ಸೋಡಿಯಂ ಥಯೋಸಲ್ಫೇಟ್ ಮಾತ್ರ ಇರುವವು ಕ್ಲೋರಿನ್ ಮುರಿಯುತ್ತವೆ, ಅಮೋನಿಯಾವನ್ನು ಹಾಗೇ ಬಿಡುತ್ತವೆ. ಇನ್ನು ಕೆಲವು ಅಮೋನಿಯಾವನ್ನೂ ಕಟ್ಟಿಹಾಕಿ ಅದರ ವಿಷ ಕಡಿಮೆ ಮಾಡುತ್ತವೆ. ಬಾಟಲಿಯ ಹಿಂದೆ ಬರೆದಿರುತ್ತಾರೆ, ಕಣ್ಣಿಟ್ಟು ಓದಬೇಕು. ಎರಡನೇ ಬಗೆಯದು ತಂದೆ. ಬಕೆಟ್ಟಿನಲ್ಲಿ 10 ಲೀಟರಿಗೆ ಗೆರೆ ಎಳೆದೆ. ಸಿರಿಂಜಿನಲ್ಲಿ ಅಳೆದು ಕಂಡೀಷನರ್ ಹಾಕಿದೆ. ಬಿಸಿನೀರು ಬೆರೆಸಿ ತೊಟ್ಟಿಯ 26 ಡಿಗ್ರಿಗೆ ಸರಿಹೊಂದಿಸಿದೆ. ಹೀಟರಿನ ಪ್ಲಗ್ ಕಿತ್ತು ಅದು ತಣ್ಣಗಾಗಲು ಬಿಟ್ಟೆ. ಬಿಸಿ ಹೀಟರ್ ನೀರಿನಿಂದ ಹೊರಗೆ ಕಂಡರೆ ಗಾಜು ಸೀಳಬಹುದು. ಆಮೇಲೆ ಅರ್ಧ ನೀರು ಸೈಫನ್‌ನಲ್ಲಿ ತೆಗೆದು, ಹೊಸದನ್ನು ಒಂದು ತಟ್ಟೆಯ ಮೇಲೆ ನಿಧಾನವಾಗಿ ಸುರಿದೆ.

ಒಂದು ವಿಷಯ ತಿಳಿದಿರಲಿ. ಕಟ್ಟಿಹಾಕಿದ ಅಮೋನಿಯಾವನ್ನೂ ಈ ಹನಿ ಕಿಟ್ ಹಸಿರಾಗಿಯೇ ತೋರಿಸುತ್ತದೆ, ಒಟ್ಟು ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಆದ್ದರಿಂದ ಬಣ್ಣ ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಕಂಡೀಷನರ್ ಸುರಿಯಬಾರದು.

ದಿನ 5: ಎರಡನೇ ಫಿಲ್ಟರ್ ಕಟ್ಟಿದ್ದು

ಬ್ಯಾಕ್ಟೀರಿಯಾ ತಾನಾಗಿ ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಇವು ನಿಧಾನದ ಜೀವಿಗಳು, ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ನೀಲನಿಗೆ ಅಷ್ಟು ಸಮಯ ಇರಲಿಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ತೊಟ್ಟಿ ಇದೆ. ಅದಕ್ಕೆ ತಿಂಗಳುಗಳಿಂದ ಹೊಸ ಮೀನು ಬಂದಿಲ್ಲ, ಯಾವ ಮೀನಿಗೂ ಕಾಯಿಲೆ ಇಲ್ಲ. ಎರಡನ್ನೂ ಕೇಳಿ ಖಚಿತ ಮಾಡಿಕೊಂಡೆ. ಇಲ್ಲದಿದ್ದರೆ ಸ್ಪಂಜಿನ ಜೊತೆ ರೋಗವೂ ಬರುತ್ತದೆ. ಅವರು ತಮ್ಮ ಫಿಲ್ಟರಿನಿಂದ ಕೈಮುಷ್ಟಿಯಷ್ಟು ಸ್ಪಂಜು ಕತ್ತರಿಸಿ ಕೊಟ್ಟರು. ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ, ಡಬ್ಬಿಯಲ್ಲಿ ತಂದೆ. ಒಣಗಿದರೆ ಎಲ್ಲ ಸತ್ತಂತೆ.

ಆ ತುಂಡನ್ನು ಇಡಲು ಒಂದು ಫಿಲ್ಟರ್ ಬೇಕಲ್ವಾ? ಮನೆಯಲ್ಲಿದ್ದ ಸಾಮಾನಿನಲ್ಲೇ ಕಟ್ಟಿದೆ. ಬೆರಳು ದಪ್ಪದ, ಗಟ್ಟಿ ಪ್ಲಾಸ್ಟಿಕ್ ಕೊಳವೆ, 18 ಸೆಂಟಿಮೀಟರ್ ಉದ್ದ. ಕೆಳಗಿನ 6 ಸೆಂಟಿಮೀಟರಿನಲ್ಲಿ ಸುತ್ತಲೂ 4 ಮಿಲಿಮೀಟರಿನ ತೂತುಗಳನ್ನು ಕೊರೆದೆ. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿದೆ. ಬೆಟ್ಟಾದ ಬಾಲ ರೇಷ್ಮೆಯಷ್ಟು ನಾಜೂಕು, ಚೂಪಾದದ್ದು ಏನಿದ್ದರೂ ಸಿಕ್ಕಿ ಹರಿಯುತ್ತದೆ. ತೂತಿನ ಭಾಗಕ್ಕೆ ಹೊಸ ಒರಟು ಸ್ಪಂಜು ಸುತ್ತಿದೆ. ಅದರೊಳಗೆ ಒಂದು ಸೀಳು ಮಾಡಿ ಗೆಳೆಯರ ಸ್ಪಂಜಿನ ತುಂಡನ್ನು ಸೇರಿಸಿದೆ. ಕೊಳವೆಯ ತಳವನ್ನು ಮುಚ್ಚಿದೆ. ಮೇಲಿನ ಬಾಯಿಯಿಂದ ಗಾಳಿಯ ಸಣ್ಣ ಪೈಪನ್ನು ತಳದವರೆಗೂ ಇಳಿಬಿಟ್ಟೆ. ತೇಲದ ಹಾಗೆ, ಚೆನ್ನಾಗಿ ತೊಳೆದ ಎರಡು ಬೆಣಚುಕಲ್ಲನ್ನು ಬುಡಕ್ಕೆ ಕಟ್ಟಿದೆ. ಲೋಹ ಏನೂ ಬಳಸಲಿಲ್ಲ.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ಕೊಳವೆಯೊಳಗೆ ಗುಳ್ಳೆಗಳು ಮೇಲೇರುವಾಗ ನೀರನ್ನೂ ಎತ್ತಿಕೊಂಡು ಹೋಗುತ್ತವೆ. ಖಾಲಿಯಾದ ಜಾಗಕ್ಕೆ ಹೊಸ ನೀರು ಸ್ಪಂಜಿನ ಮೂಲಕವೇ ಬರಬೇಕು. ಬರುವಾಗ ಬ್ಯಾಕ್ಟೀರಿಯಾಗಳಿಗೆ ಊಟ ಮತ್ತು ಆಮ್ಲಜನಕ ಎರಡನ್ನೂ ತರುತ್ತದೆ.

ಪಂಪಿನ ಗಾಳಿಯನ್ನು T ಆಕಾರದ ಜೋಡಣೆಯಿಂದ ಎರಡು ಫಿಲ್ಟರಿಗೂ ಹಂಚಿದೆ. ಪೈಪಿನಲ್ಲಿ ಒಂದು ಚೆಕ್ ವಾಲ್ವ್ ಇದೆ. ಕರೆಂಟ್ ಹೋದಾಗ ನೀರು ಹಿಮ್ಮುಖವಾಗಿ ಪಂಪಿಗೆ ಹರಿಯದಂತೆ ಅದು ತಡೆಯುತ್ತದೆ. ಹಾಕಿ ನೋಡಿದರೆ, ಎರಡೂ ಫಿಲ್ಟರಿನ ಸೆಳೆತಕ್ಕೆ ನೀಲ ಪಕ್ಕಕ್ಕೆ ತಳ್ಳಲ್ಪಡುತ್ತಿದ್ದ. ಉದ್ದ ಬಾಲದ ಬೆಟ್ಟಾಗೆ ಜೋರು ಹರಿವು ಆಗುವುದಿಲ್ಲ. ಇವುಗಳ ಮೂಲ ನೆಲೆ ಥಾಯ್ಲೆಂಡಿನ ಕಡೆಯ ನಿಂತ ನೀರು, ಜವುಗು ಮತ್ತು ಭತ್ತದ ಗದ್ದೆ. ಗಾಳಿಯ ತಿರುಪು ಸ್ವಲ್ಪ ಸ್ವಲ್ಪವೇ ಬಿಗಿದೆ. ಎಣಿಸಬಹುದಾದಷ್ಟು ನಿಧಾನಕ್ಕೆ ಗುಳ್ಳೆ ಬಂದಾಗ ಅವನು ನೆಟ್ಟಗೆ ನಿಂತ.

ಗದ್ದೆ ಅಂದಾಗ ಒಂದು ಮಾತು. ಅದು ಆಳವಿಲ್ಲದ ನೀರು, ಅದಕ್ಕೇ ಬೆಟ್ಟಾಗೆ ಒಂದು ಗಾಜಿನ ಬಟ್ಟಲು ಸಾಕು ಅನ್ನುವವರು ಬಹಳ. ನನಗೆ ಈ ಮಾತು ಕೇಳಿದರೆ ಸಂಕಟವಾಗುತ್ತದೆ. ಗದ್ದೆ ಆಳವಿಲ್ಲದಿರಬಹುದು, ಆದರೆ ಎಷ್ಟು ವಿಶಾಲ! ಕೆಸರು, ಗಿಡ, ಬೇರು, ಎಲ್ಲದರ ಮೇಲೂ ಬ್ಯಾಕ್ಟೀರಿಯಾ. ಎರಡು ಲೀಟರಿನ ಬಟ್ಟಲಿನಲ್ಲಿ ಅದೇ ಒಂದು ಮೀನಿನ ಅಮೋನಿಯಾ ಹತ್ತು ಪಟ್ಟು ಬೇಗ ಏರುತ್ತದೆ. ಬೆಟ್ಟಾ ಗಾಳಿ ಕುಡಿದು ಹೇಗೋ ಜೀವ ಹಿಡಿದುಕೊಂಡಿರುತ್ತದೆ, ನೋಡುವವರಿಗೆ ಆರಾಮಾಗಿದೆ ಅನ್ನಿಸುತ್ತದೆ.

ದಿನ 6 ರಿಂದ 8

ಊಟ ಕಡಿತ. ಎರಡು ದಿನಕ್ಕೊಮ್ಮೆ ಎರಡೇ ಕಾಳು. ಪ್ರೋಟೀನ್ ಒಳಗೆ ಹೋದಷ್ಟೂ ಅಮೋನಿಯಾ ಹೊರಗೆ ಬರುತ್ತದೆ. ದೊಡ್ಡ ಬೆಟ್ಟಾ ಕೆಲವು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ದಿನಾ ಕಾಲು ಭಾಗ ನೀರು ಬದಲು. ಅಮೋನಿಯಾ 0.75, 0.75, 0.5. ಒಣಗಿದ ಕಾಡುಬಾದಾಮಿ ಎಲೆ ಒಂದನ್ನು ಹಾಕಿದೆ. ನೀರು ತಿಳಿ ಚಹಾದ ಬಣ್ಣಕ್ಕೆ ಬಂತು. ಎಲೆಯ ಕೆಳಗೆ ಹೋಗಿ ನಿಲ್ಲುವುದು ನೀಲನಿಗೆ ಇಷ್ಟವಾಯಿತು.

ದಿನ 9

ನೈಟ್ರೈಟ್ 0.5 ಪಿಪಿಎಂ. ಒಂದು ರೀತಿಯಲ್ಲಿ ಖುಷಿ. ಮೊದಲನೇ ಗುಂಪು ಕೆಲಸ ಶುರುಮಾಡಿದೆ ಎಂದು ಅರ್ಥ. ಆದರೆ ನೈಟ್ರೈಟ್ ಕೂಡ ವಿಷವೇ. ಕಿವಿರಿನ ಮೂಲಕ ರಕ್ತಕ್ಕೆ ಹೋಗಿ, ರಕ್ತ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ.

ಇದಕ್ಕೆ ಉಪ್ಪು ಒಳ್ಳೆಯ ತಡೆ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನ ಒಂದೇ ಬಾಗಿಲಿನಿಂದ ಒಳಹೋಗುತ್ತವೆ. ಕ್ಲೋರೈಡ್ ಜಾಸ್ತಿ ಇದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. ಇದಕ್ಕೆ ಚಮಚಗಟ್ಟಲೆ ಉಪ್ಪು ಬೇಡ. 20 ಲೀಟರಿಗೆ 2 ಗ್ರಾಂ ಹಾಕಿದೆ, ತೂಕ ಮಾಡಿ, ಒಂದು ಲೋಟ ನೀರಿನಲ್ಲಿ ಕರಗಿಸಿ. ಅಷ್ಟರಿಂದಲೇ ಲೀಟರಿಗೆ 60 ಮಿಲಿಗ್ರಾಂನಷ್ಟು ಕ್ಲೋರೈಡ್ ಬರುತ್ತದೆ. ಗಿಡಗಳಿಗೂ ತೊಂದರೆ ಇಲ್ಲ. 5 ಲೀಟರ್ ನೀರು ಬದಲಿಸಿದ ದಿನ ಅರ್ಧ ಗ್ರಾಂ ಮತ್ತೆ ಸೇರಿಸಿದೆ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತೆಗೆದ ನೀರಿನ ಪಾಲಿಗೆ ಮಾತ್ರ ಲೆಕ್ಕ.

ದಿನ 15

ಅಮೋನಿಯಾ ಕೊಳವೆ ಹಳದಿ. ಬಿಳಿ ಕಾಗದದ ಮೇಲೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ಎರಡು ಸಲ ನೋಡಿದೆ. ಹಳದಿಯೇ. ನೈಟ್ರೈಟ್ 1. ಬಾಲದ ಕಪ್ಪು ಅಂಚು ಮುಂದೆ ಹರಡಿಲ್ಲ.

ಔಷಧಿ ಹಾಕದೆ ಇದ್ದದ್ದು ಸರಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆಂಟಿಬಯಾಟಿಕ್ ಹಾಕಿದ್ದರೆ, ಈಗಷ್ಟೇ ಬೇರು ಬಿಡುತ್ತಿದ್ದ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದಿತ್ತು. ರೆಕ್ಕೆಯ ಅಂಚಿನಲ್ಲಿ ಮಾತ್ರ ಇರುವ ಕೊಳೆತ ಶುದ್ಧವಾದ, ಬೆಚ್ಚಗಿನ ನೀರಿನಲ್ಲಿ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅದು ಬುಡದ ಕಡೆಗೆ, ಮೈಯ ಹತ್ತಿರಕ್ಕೆ ಬರುತ್ತಿದ್ದರೆ ಮಾತ್ರ ಕಾಯಬಾರದು, ಮೀನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಬಾಲದ ಫೋಟೋವನ್ನು ದಿನಾ ಒಂದೇ ದೂರದಿಂದ ತೆಗೆದಿಟ್ಟದ್ದು ಇದನ್ನು ತೀರ್ಮಾನಿಸಲು ತುಂಬಾ ನೆರವಾಯಿತು. ನೆನಪಿನಿಂದ ಅಳೆಯಲು ಹೋದರೆ ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ದಿನ 22

ಅಮೋನಿಯಾ 0. ನೈಟ್ರೈಟ್ 0. ನೈಟ್ರೇಟ್ 10.

ನೈಟ್ರೇಟ್ ಪರೀಕ್ಷೆಯ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಲೇಬೇಕು. ಅದರ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕುಲುಕದಿದ್ದರೆ ಸುಳ್ಳು ಸೊನ್ನೆ ಬರುತ್ತದೆ.

ಊಟವನ್ನು ಮೊದಲಿನ ಹಾಗೆ ದಿನಕ್ಕೆ ಎರಡು ಸಲ, ಸಲಕ್ಕೆ ಮೂರು ಕಾಳಿಗೆ ತಂದೆ. ಒಮ್ಮೆಗೇ ಅಲ್ಲ, ನಾಲ್ಕು ದಿನದಲ್ಲಿ ಏರಿಸುತ್ತಾ. ಬ್ಯಾಕ್ಟೀರಿಯಾ ಸಿಗುವ ಊಟಕ್ಕೆ ತಕ್ಕಷ್ಟೇ ಇರುತ್ತದೆ, ಹೊರೆ ಏರಿದರೆ ಅದಕ್ಕೂ ಬೆಳೆಯಲು ಸಮಯ ಕೊಡಬೇಕು.

ದಿನ 27

ಬಾಲದ ಹರಿದ ತುದಿಯಲ್ಲಿ ಗಾಜಿನಂತಹ ಪಾರದರ್ಶಕ ಅಂಚು! ಹೊಸ ರೆಕ್ಕೆ ಮೊದಲು ಹೀಗೆ ಬಣ್ಣವಿಲ್ಲದೆ ಬರುತ್ತದೆ, ನಂತರ ಬಣ್ಣ ತುಂಬಿಕೊಳ್ಳುತ್ತದೆ. ಟಾರ್ಚ್ ಹಿಡಿದು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಅದೇ ದಿನ ತೇಲುವ ಎಲೆಯ ಕೆಳಗೆ ನೊರೆಗೂಡು ಕಟ್ಟಿದ್ದ. ನೊರೆಗೂಡು ಕಂಡರೆ ಮೀನು ಸುಖವಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮರಿ ಮಾಡುವ ಸಹಜ ಪ್ರವೃತ್ತಿಯಿಂದ ಗಂಡು ಬೆಟ್ಟಾ ಗೂಡು ಕಟ್ಟುತ್ತದೆ, ಕೆಟ್ಟ ನೀರಿನಲ್ಲೂ ಕಟ್ಟಬಲ್ಲದು. ಅದಕ್ಕಿಂತ ನನಗೆ ನಂಬಿಕೆ ಬಂದದ್ದು ಬಿಚ್ಚಿದ ರೆಕ್ಕೆ, ಹಸಿವು, ಮತ್ತೆ ಹಳದಿ ಕೊಳವೆ ನೋಡಿ. ಆದರೂ ಗೂಡು ಕಂಡಾಗ ಮನಸ್ಸು ತುಂಬಿತು.

ದಿನ 41

ಹಳೆಯ ಸ್ಪಂಜು ಮತ್ತೆ ಕಂದಾಗಿದೆ, ಗುಳ್ಳೆ ನಿಧಾನ. ತೊಟ್ಟಿಯಿಂದ ತೆಗೆದ 5 ಲೀಟರ್ ನೀರನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡೆ. ಸ್ಪಂಜನ್ನು ಅದರಲ್ಲೇ ಮುಳುಗಿಸಿ ಮೂರು ಸಲ ಮೆಲ್ಲಗೆ ಹಿಂಡಿದೆ. ದಪ್ಪ ಕೊಳೆ ಹೋಯಿತು, ಕಂದು ಬಣ್ಣ ಉಳಿಯಿತು. ಅಷ್ಟಕ್ಕೇ ನಿಲ್ಲಿಸಿದೆ. ಜಲ್ಲಿ ಮುಟ್ಟಲಿಲ್ಲ. ನಾನು ಕಟ್ಟಿದ ಫಿಲ್ಟರನ್ನೂ ಮುಟ್ಟಲಿಲ್ಲ, ಅದರ ಸರದಿ ಮುಂದಿನ ತಿಂಗಳು. ಹೊಸ 5 ಲೀಟರಿಗೆ ಕಂಡೀಷನರ್ ಹಾಕಿ, 26 ಡಿಗ್ರಿ ನೋಡಿ ಸುರಿದೆ.

ಮರುದಿನ ಮತ್ತು ಮೂರನೇ ದಿನ ಅಮೋನಿಯಾ ನೋಡಿದೆ. ಎರಡೂ ಸಲ ಹಳದಿ. ಬಕೆಟ್ಟಿನ ಕಂದು ನೀರನ್ನು ಗಿಡಗಳ ಬುಡಕ್ಕೆ ಹಾಕಿದೆ. ಒಳಗೆ ಬಂದಾಗ ನೀಲ ಗಾಜಿನ ಹತ್ತಿರ ಕಾಯುತ್ತಿದ್ದ. ಮೂರು ಕಾಳು ಕೊಟ್ಟೆ. ಮೂರನ್ನೂ ತಿಂದ.